ಪುಟದ ತಳದ ಹೆಸರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ. ಬೇಕಾದರೆ ಪಾದ್ರಿಯನ್ನೇ ಕೇಳಿ: ಹಾರ್ಟ್‌ವಿಗ್ ಲೋಡೆಯ ಶವಪೆಟ್ಟಿಗೆ ಮಾರ್ಬುರ್ಗಿನ ಸ್ಮಶಾನದ ಗೇಟಿನಲ್ಲೇ ಸಿಕ್ಕಿಕೊಂಡಿತು. ಹೊತ್ತಿದ್ದವರೆಲ್ಲ ಲ್ಯಾಟಿನ್ ಪಂಡಿತರು. ರೋಮನ್ನರು ಹೆಣವನ್ನು ಕಾಲು ಮುಂದಾಗಿ ಒಯ್ಯುತ್ತಿದ್ದರೋ ತಲೆ ಮುಂದಾಗಿಯೋ ಎಂದು ಮುಂದಿನವರಿಗೂ ಹಿಂದಿನವರಿಗೂ ಜಗಳ ಹತ್ತಿತ್ತು.

"ಇಳಿಸಿಟ್ಟು ಜಗಳ ಆಡ್ರಪ್ಪಾ," ಎಂದಳು ಸತ್ತವನ ತಂಗಿ ಟ್ರೂಡೆ. "ಅಣ್ಣನಿಗೇನೂ ಅವಸರ ಇಲ್ಲ. ಬದುಕಿದ್ದಾಗ್ಲೂ ಇರ್ಲಿಲ್ಲ."

ಹೆಂಡತಿ ಇರ್ಮ್‌ಗಾರ್ಡ್ ನಗಲಿಲ್ಲ. ಅವಳ ಕಣ್ಣು ಪ್ರೊಫೆಸರ್ ಬ್ರಾಂಡಿಸರ ಮೇಲಿತ್ತು. ಹಳೆಯ ಲ್ಯಾಟಿನ್ ಕಾವ್ಯವೊಂದನ್ನು ಅವರು ಮತ್ತೆ ತಿದ್ದಿ ಅಚ್ಚಿಗೆ ಕಳಿಸಿದ್ದರು. ಅದರ ಒಂದು ಪುಟದ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ, ಗಂಡನ ಹೆಸರು ಬರಬೇಕೆಂಬುದು ಅವಳ ಹಟ. ಇವತ್ತು ಕೇಳಿಯೇ ತೀರುವುದೆಂದು ಬಂದಿದ್ದಳು.

*

ಆ ಕಾವ್ಯದ ಒಂದು ಸಾಲು ಕೆಟ್ಟುಹೋಗಿತ್ತು. ನಕಲು ಮಾಡಿದ ಸನ್ಯಾಸಿಗಳೆಲ್ಲ ಒಬ್ಬರ ತಪ್ಪನ್ನೊಬ್ಬರು ಭಕ್ತಿಯಿಂದ ಬರೆದಿಟ್ಟಿದ್ದರು. ಎಷ್ಟೋ ವರ್ಷಗಳ ಹಿಂದೆ, ಒಂದು ಬೆಳಿಗ್ಗೆ ಗಡ್ಡ ಹೆರೆಯುವಾಗ ಹಾರ್ಟ್‌ವಿಗ್‌ಗೆ ಅಲ್ಲಿರಬೇಕಾದ ಪದ ಹೊಳೆಯಿತು. ಆ ಕಸುಬಿನ ಕಾನೂನು ಸರಳ: ಮೊದಲು ಅಚ್ಚು ಹಾಕಿಸಿದವನ ಹೆಸರು ಪುಟದ ತಳದಲ್ಲಿ ಉಳಿಯುತ್ತದೆ.

"ಇವತ್ತೇ ಬರೆದು ಕಳ್ಸಿ," ಎಂದಿದ್ದಳು ಇರ್ಮ್‌ಗಾರ್ಡ್.

"ಮಠಗಳಲ್ಲಿರೋ ಕೈಬರಹದ ಪ್ರತಿಗಳನ್ನೆಲ್ಲ ಕಣ್ಣಾರೆ ನೋಡದೆ ಅಚ್ಚು ಹಾಕ್ಸೋನು ಪಂಡಿತ ಅಲ್ಲ ಕಣೇ, ಪತ್ರಕರ್ತ."

ಅವರ ರಜೆಗಳೆಲ್ಲ ಮಠಗಳ ಬಾಗಿಲಲ್ಲೇ ಕಳೆದವು. ಅವನು ಒಳಗೆ, ಅವಳು ಹೊರಗೆ. ಕೊನೆಯ ಪ್ರತಿ ಆಸ್ಟ್ರಿಯದ ಗುಡ್ಡವೊಂದರ ಮೇಲಿತ್ತು. ತೆರೆದು ನೋಡಿದರೆ, ಸರಿಯಾಗಿ ಆ ಪದವಿರಬೇಕಾದಲ್ಲಿ ಪುಸ್ತಕದ ಹುಳ ತೂತು ಕೊರೆದಿತ್ತು. ಅಷ್ಟನ್ನೇ ತಿಂದು ಪಕ್ಕದ ಪದ ಮೂಸಿಯೂ ನೋಡಿರಲಿಲ್ಲ.

ಊರಿಗೆ ಬರುವಷ್ಟರಲ್ಲಿ ಬ್ರಾಂಡಿಸ್ ಆ ಪದವನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ್ದರು. ಬಿಯರ್ ಕುಡಿಯುತ್ತ ಅವರಿಗೆ ಪದ ಹೇಳಿ ಅಭಿಪ್ರಾಯ ಕೇಳಿದ್ದವನು ಹಾರ್ಟ್‌ವಿಗ್ಗೇ. ಅವರ ಲೇಖನ ಓದಿ ಮುಗಿಸಿ ಅವನು ಹೇಳಿದ್ದಿಷ್ಟೇ: "ಲ್ಯಾಟಿನ್ ಚೆನ್ನಾಗ್ ಬರೀತಾನೆ."

*

ಮಣ್ಣು ಮಾಡಿ ಬಂದವರೆಲ್ಲ ಕಾಫಿಗೆ ಕೂತರು. ಬ್ರಾಂಡಿಸರ ಗಡ್ಡದಲ್ಲಿ ಬೆಣ್ಣೆ ಕೇಕಿನ ಪುಡಿಯಿತ್ತು.

"ಪ್ರೊಫೆಸರ್ರೇ, ಆ ಪದ ಯಾರಿಗೆ ಹೊಳೆದಿದ್ದು ಅಂತ ನಿಮಗೂ ಗೊತ್ತು, ನನಗೂ ಗೊತ್ತು," ಎಂದಳು ಇರ್ಮ್‌ಗಾರ್ಡ್. "ಈ ಸಲನಾದ್ರೂ ನಮ್ಮೋರ ಹೆಸರು ಹಾಕಿ."

"ಹಾಕಿದೀನಲ್ಲ."

ಅವಳು ಕಪ್ಪು ಕೆಳಗಿಟ್ಟಳು. "ನಿಜವಾಗ್ಲೂ?"

"ನಿಮ್ಮಾಣೆ. ಹೋದ ವರ್ಷ ಇನ್ನೂ ಹಳೇ ಪ್ರತಿ ಒಂದು ಸಿಕ್ತು. ಅದ್ರಲ್ಲಿರೋದು ಬೇರೇನೇ ಪದ. ನಮ್ಮ ಊಹೆ ಪೂರ್ತಿ ತಪ್ಪು ಅಂತಾಯ್ತು. ತಕ್ಷಣ ನನ್ನ ಹೆಸರು ಹೊಡೆದುಹಾಕಿ ಬರೆದೆ: 'ಲೋಡೆಯ ಊಹೆ, ತಪ್ಪು' ಅಂತ."

ಟ್ರೂಡೆ ಕಾಫಿ ಕಲಕುವುದನ್ನು ನಿಲ್ಲಿಸಿದಳು.

"ಇನ್ನು ಈ ಕಾವ್ಯ ಓದೋರೆಲ್ಲ ಅವನ ಹೆಸರು ನೋಡೇ ಮುಂದೆ ಹೋಗ್ಬೇಕು," ಎನ್ನುತ್ತ ಬ್ರಾಂಡಿಸ್ ಇನ್ನೊಂದು ತುಂಡಿಗೆ ಫೋರ್ಕು ಎತ್ತಿದರು. "ನಾವು ಪಂಡಿತರು, ಇರ್ಮ್‌ಗಾರ್ಡ್. ಯಾರದ್ದು ಯಾರಿಗೆ ಸೇರ್ಬೇಕೋ ಅದನ್ನ ನಾವು—"

ಇರ್ಮ್‌ಗಾರ್ಡ್ ಕೇಕಿನ ತಟ್ಟೆ ಎತ್ತಿಕೊಂಡು ಬಾಗಿಲತ್ತ ನಡೆದೇಬಿಟ್ಟಳು. ಫೋರ್ಕು ಬರಿಯ ಮೇಜಿನ ಬಟ್ಟೆಗೆ ಚುಚ್ಚಿಕೊಂಡಿತು.