ಒಳಜೇಬು

"ಕಾಲ ಕಡೆ ಸ್ವಲ್ಪ ಎತ್ತಿ... ಹಾಂ, ಇಳಿಸಿ ಮೆಲ್ಲಗೆ," ಎಂದು ಕತ್ತರಿ ಹೇಳಿದ. ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನಿಗೆ ಅದೇ ಹೆಸರಾಗಿತ್ತು. ನಿನ್ನೆ ಹೊಲಿಗೆ ಮೆಷಿನ್ ಮೇಲೇ ಒರಗಿ ತೀರಿಹೋದ ಟೈಲರ್‌ನನ್ನು ಪೆಟ್ಟಿಗೆಗೆ ಇಳಿಸಿ, ಅವನೇ ಕೋಟಿನ ಕಾಲರ್ ಸರಿಮಾಡಿದ.

ಬಾಗಿಲಲ್ಲಿ ನಿಂತಿದ್ದ ಟೈಲರ್‌ನ ನಾದಿನಿ, ಅವನ ಹೆಂಡತಿಯ ತಂಗಿ, ಒಂದು ಹೆಜ್ಜೆ ಮುಂದೆ ಬಂದಳು. ಬೂದು ಕೋಟು. ಬೆಳಗಿನಿಂದ ಕಪಾಟಿನಲ್ಲಿ ಅವಳು ಹುಡುಕುತ್ತಿದ್ದದ್ದು ಅದನ್ನೇ.

"ಅಕ್ಕಾ, ಆ ಕೋಟು..."

"ನಾನೇ ಕೊಟ್ಟೆ. ಊರಿಗೆಲ್ಲ ಸೂಟು ಹೊಲಿದ್ರು, ತಮಗೆ ಅಂತ ಹೊಲ್ಕೊಂಡಿದ್ದು ಅದೊಂದೇ. ಯಾಕೆ?"

"ಏನಿಲ್ಲ," ಎಂದಳು ತಂಗಿ.

*

ಅಕ್ಕ ಮದುವೆಯಾಗಿ ಈ ದೇಶಕ್ಕೆ ಬಂದವಳು. ತಂಗಿ ಗಡಿಯಾಚೆ ಉಳಿದವಳು. ಎಷ್ಟೋ ವರ್ಷ ಅರ್ಜಿ ಹಾಕಿದ ಮೇಲೆ ಒಂದು ತಿಂಗಳ ವೀಸಾ ಸಿಕ್ಕಿತ್ತು. ಬಂದ ಮಾರನೆಯ ದಿನ ವೀಸಾ ನಿಯಮದಂತೆ ಠಾಣೆಯಲ್ಲಿ ಹಾಜರಿ ಹಾಕಲು ಹೋದಾಗ, ಪಾಸ್‌ಪೋರ್ಟ್ ಕಳೆದುಕೊಂಡ ಹೆಂಗಸೊಬ್ಬಳನ್ನು ಪೊಲೀಸರು ಸಾಲಿನಿಂದಲೇ ಒಳಗೆ ಎಳೆದೊಯ್ದರು. ಅವಳ ಒಂದು ಚಪ್ಪಲಿ ಹೊರಗೇ ಉಳಿಯಿತು. ಅಂದಿನಿಂದ ತಂಗಿ ಊಟದ ನಡುವೆ ಎದ್ದು, ಪಾಸ್‌ಪೋರ್ಟ್ ಇದೆಯೇ ಎಂದು ಚೀಲ ತಡಕುವಳು.

"ಕೊಡಮ್ಮ ಇಲ್ಲಿ, ಅದಕ್ಕೆ ಹಾಲು ಕುಡಿಸೋದೊಂದು ಬಾಕಿ," ಎಂದು ಭಾವ ನಕ್ಕ. ತನ್ನ ಬೂದು ಕೋಟಿನ ಒಳಪದರದ ಅಸ್ತರಿನೊಳಗೆ ಜೇಬು ಮಾಡಿ, ಪಾಸ್‌ಪೋರ್ಟ್ ಇಟ್ಟು ಬಾಯಿ ಹೊಲಿದುಬಿಟ್ಟ. "ನನ್ನ ಜೇಬು ಕತ್ತರಿಸೋ ಕಳ್ಳ ಇನ್ನೂ ಹುಟ್ಟಿಲ್ಲ. ಹೊರಡೋ ದಿನ ಬಿಚ್ಚಿಕೊಡ್ತೀನಿ. ಅಕ್ಕನಿಗೆ ಹೇಳ್ಬೇಡ, ಒಳ್ಳೇ ಕೋಟು ಕೆಡಿಸಿದೆ ಅಂತ ಬೈತಾಳೆ."

ಹೊರಡುವ ದಿನ ನಾಳೆ.

*

ಮುಚ್ಚಳ ತಂದರು. ಅಕ್ಕ ಎರಡು ಸಲ ಎಚ್ಚರ ತಪ್ಪಿ ಈಗಷ್ಟೇ ಎದ್ದು ಕೂತಿದ್ದಳು. ಅವಳೆದುರು ತಂಗಿ ಹೇಗೆ ಬಾಯಿಬಿಡುವುದು? ಬಿಡದಿದ್ದರೆ ಪಾಸ್‌ಪೋರ್ಟ್ ಮಣ್ಣುಪಾಲು. ಒಂದು ದಿನ ಮೀರಿದರೂ ಹಿಡಿಯುತ್ತಾರೆ. ಆಚೆ ಮಕ್ಕಳಿಬ್ಬರು ದಾರಿ ಕಾಯುತ್ತಿದ್ದಾರೆ. ಅವಳಿಗೆ ಆ ಒಂಟಿ ಚಪ್ಪಲಿ ಕಣ್ಣಿಗೆ ಕಟ್ಟಿತು.

ಕತ್ತರಿ ಮೊದಲ ಮೊಳೆ ಕೈಗೆತ್ತಿಕೊಂಡ.

"ತಡೀರಿ! ಅಕ್ಕಾ, ನನ್ನ ಪಾಸ್‌ಪೋರ್ಟು... ಭಾವನ ಕೋಟೊಳಗಿದೆ."

"ಹೆಣದ ಜೇಬಿಗೆ ಕೈ ಹಾಕೋದೇ? ರಾಮ ರಾಮ," ಎಂದಳು ಪಕ್ಕದ ಮನೆಯವಳು.

ಅಕ್ಕ ಎದ್ದು ಬಂದು ಅಸ್ತರಿನ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು.

"ಕಳ್ಳ," ಎಂದಳು. "ನನಗೂ ಹೇಳಿಲ್ಲ ನೋಡು. ಬಿಚ್ಚಪ್ಪ."

ಕತ್ತರಿ ಬಗ್ಗಿ ಹೊಲಿಗೆಗೆ ಬ್ಲೇಡು ತಾಗಿಸಿದ. "ಅಣ್ಣನ ಹೊಲಿಗೆ, ಅತ್ತಿಗೆ. ಸುಲಭಕ್ಕೆ ಬಿಡಲ್ಲ."

ಹೊರಬಂದ ಪಾಸ್‌ಪೋರ್ಟ್ ತಣ್ಣಗಿತ್ತು. ತಂಗಿ ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

"ನಾಳೆ ಹೋಗ್ಲೇಬೇಕಾ? ಇಂಥಾ ಹೊತ್ತಲ್ಲೂ ನಾಲ್ಕು ದಿನ ಜಾಸ್ತಿ ಕೊಡಲ್ವಾ?"

"ಕೇಳೋಕೇ ಭಯ ಆಗುತ್ತೆ, ಅಕ್ಕಾ."

ಅಕ್ಕ ಮುಖ ತಿರುಗಿಸಿದಳು. "ಸೂಜಿ ದಾರ ಕೊಡಿ. ಬಾಯಿ ಬಿಟ್ಟ ಜೇಬಲ್ಲಿ ಅವರನ್ನ ಕಳಿಸಲ್ಲ." ಸೂಜಿ ಬಂತು. ಕಣ್ಣು ಮಂಜಾಗಿ ಅವಳಿಗೆ ದಾರ ಪೋಣಿಸಲಾಗಲಿಲ್ಲ.

ತಂಗಿ ಸೂಜಿ ಇಸಿದುಕೊಂಡಳು. ಪಾಸ್‌ಪೋರ್ಟನ್ನು ಕೆಳಗಿಡಲಿಲ್ಲ, ಯಾರ ಕೈಗೂ ಕೊಡಲಿಲ್ಲ. ಅದನ್ನು ಹಲ್ಲಲ್ಲಿ ಕಚ್ಚಿಹಿಡಿದು, ಮತ್ತೆ ಮತ್ತೆ ಜಾರುವ ದಾರದ ತುದಿಯನ್ನು ಸೂಜಿಯ ಕಣ್ಣಿಗೆ ತೂರಿಸುತ್ತ ನಿಂತಳು.