ಮರಗಾಲಿನ ಮಾತು

ಯೋಗೀಶನಿಗೆ ಮನೆಯಲ್ಲಿ ತುಳು, ಸೀತಾಂಗೋಳಿಯ ತನ್ನ ಪೈಪಿನ ಅಂಗಡಿಯಲ್ಲಿ ತುಳು, ಬೈಗುಳಕ್ಕೂ ತುಳುವೇ. ಆದರೆ ಮೈಕು ಕಂಡರೆ ಸಾಕು, ಬಾಯಿಗೆ ಗ್ರಾಂಥಿಕ ಕನ್ನಡ ಬಂದುಬಿಡುತ್ತಿತ್ತು. ಸುತ್ತಲಿನ ಕಬಡ್ಡಿ ಪಂದ್ಯ, ಶಾಲಾ ವಾರ್ಷಿಕೋತ್ಸವಗಳಿಗೆಲ್ಲ ಅವನೇ ನಿರೂಪಕ. ನಾಲ್ಕು ಜನರೆದುರು ನಿಂತ ತುಳುವರು ಕನ್ನಡಕ್ಕೆ ಹೊರಳುವುದು ಆ ಕಡೆಯ ವಾಡಿಕೆ. ಯೋಗೀಶನ ಗ್ರಹಚಾರವೆಂದರೆ, ಹೆದರಿಕೆಯಾದಾಗಲೂ ಅವನ ನಾಲಿಗೆ ಹಾಗೆಯೇ ಹೊರಳುತ್ತಿತ್ತು.

ಮಂಜೇಶ್ವರಕ್ಕೆ ಮೋಕ್ಷಿತಾಳನ್ನು ನೋಡಲು ಹೋದ ದಿನ ಅವನಿಗೆ ವಿಪರೀತ ಹೆದರಿಕೆ. ಹಿಂದೆ "ಆಮೇಲೆ ತಿಳಿಸ್ತೇವೆ" ಎಂದಿದ್ದ ಹೆಣ್ಣಿನ ಕಡೆಯವರು ಯಾರೂ ಇನ್ನೂ ತಿಳಿಸಿರಲಿಲ್ಲ. ಇಂಗ್ಲಿಷ್ ಟೀಚರಾಗಿದ್ದ ಮೋಕ್ಷಿತಾಳನ್ನಂತೂ ಅವನು ಅವಳ ಶಾಲೆಯ ವಾರ್ಷಿಕೋತ್ಸವದಲ್ಲೇ ಕಂಡು ಮನಸೋತಿದ್ದ.

ಮೋಕ್ಷಿತಾ ಚಹಾ ತಂದು ಕೈಗಿಟ್ಟಳು. ಯೋಗೀಶ್ ಎದ್ದು ನಿಂತು ಒಂದು ಗುಟುಕು ಕುಡಿದು, "ತಮ್ಮ ಅಮೃತಹಸ್ತದ ಈ ಚಹಾದಿಂದ ಅತೀವ ಹರ್ಷವಾಗುತ್ತಿದೆ" ಎಂದುಬಿಟ್ಟ.

"ಇವ ಚಾ ಕುಡೀಲಿಕ್ಕೆ ಬಂದದ್ದಾ, ಉದ್ಘಾಟನೆಗೆ ಬಂದದ್ದಾ?" ಎಂದು ಅವಳ ಅಜ್ಜಿ ಅಮ್ಮಣಿ ತುಳುವಿನಲ್ಲಿ ಕೇಳಿದರು.

ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೇ ಹಿಂದಿನ ಜಗಲಿಗೆ ಕಳಿಸಿದರು. ಅಲ್ಲಿಯೂ ಯೋಗೀಶ್, "ತಮ್ಮ ಅಭಿರುಚಿಗಳ ಮೇಲೆ ಬೆಳಕು ಚೆಲ್ಲಬೇಕಾಗಿ ವಿನಂತಿ" ಎಂದ.

"ನೀವು ಭಾರೀ ಸ್ಟಿಲ್ಟೆಡ್ ಮಾರಾಯ್ರೆ" ಎಂದಳು ಮೋಕ್ಷಿತಾ, ನಗು ತಡೆದುಕೊಂಡು.

ಅವನು ಗಾಬರಿಯಿಂದ ಕೇಳಿದ. "ಹಾಗೆಂದರೆ?"

"ಇಂಗ್ಲಿಷಿನಲ್ಲಿ ಸ್ಟಿಲ್ಟ್ಸ್ ಹೇಳಿದ್ರೆ ಮರಗಾಲು. ಉದ್ದ ಕೋಲು, ಕಾಲಿಡ್ಲಿಕ್ಕೆ ಮೆಟ್ಟು. ಕೆಸರು ದಾಟ್ಲಿಕ್ಕೆ ಅದನ್ನು ಹತ್ತಿ ನಡೀತಿದ್ರಂತೆ. ಹತ್ತಿದವ ಎತ್ತರ ಕಾಣ್ತಾನೆ, ಆದರೆ ನಡಿಗೆ ಸೆಟೆದುಕೊಳ್ತದೆ. ಹಾಗೆ ನೆಲ ಬಿಟ್ಟು ಸೆಟೆದು ಹೋಗುವ ಮಾತಿಗೂ ಅದೇ ಹೆಸರು ಬಿತ್ತು."

ಈ ಸಂಬಂಧವೂ ಕೈತಪ್ಪಿತೆಂದೇ ಯೋಗೀಶನಿಗೆ ಅನಿಸಿತು. ತಪ್ಪಿದ ಮೇಲೆ ಇನ್ನೆಂಥ ಹೆದರಿಕೆ ಎಂದುಕೊಂಡು ತುಳುವಿನಲ್ಲೇ ಬಾಯಿಬಿಟ್ಟ.

"ಸಣ್ಣವನಿರುವಾಗ ಗದ್ದೆಯಲ್ಲಿ ನಾನೂ ಬಿದಿರಿನ ಮರಗಾಲು ಹತ್ತಿದವನೇ. ಹತ್ತಿದ ಮೇಲೆ ಇಳಿಯುದು ಹೇಗೆಂದು ಗೊತ್ತಾಗುದಿಲ್ಲ, ಬೀಳ್ಲಿಕ್ಕೇ ಬೇಕು. ನಿಮ್ಮನ್ನು ಕಂಡರೆ ನನಗೆ ಕೈಕಾಲು ನಡುಗ್ತದೆ, ಅದಕ್ಕೆ ಹಾಗೆ ಮಾತಾಡಿದ್ದು. ಚಾಕ್ಕೆ ನೀವು ಸಕ್ಕರೆ ಹಾಕ್ಲಿಕ್ಕೆ ಮರೆತಿದ್ದೀರಿ, ಅದನ್ನೂ ಹೇಳ್ಲಿಕ್ಕೆ ಆಗ್ಲಿಲ್ಲ."

"ಮರೆತದ್ದಲ್ಲ" ಎಂದಳು ಅವಳೂ ತುಳುವಿನಲ್ಲಿ. "ನಿಮ್ಮನ್ನು ಸ್ಟೇಜಿನಲ್ಲಿ ಕೇಳಿದ್ದೆ. ಚಪ್ಪೆ ಚಾಕ್ಕೂ ಹರ್ಷ ಪಡ್ತೀರಾ ಅಂತ ನೋಡಿದ್ದು."

ಇಬ್ಬರೂ ಒಳಗೆ ಬಂದಾಗ ಚಾವಡಿ ತುಂಬ ನೆಂಟರು. ಅಮ್ಮಣಿ ಎಲ್ಲರೆದುರೇ ಮೊಮ್ಮಗಳನ್ನು ಕೇಳಿದರು. "ಎಂತ, ಆಗ್ತದಾ ಇವ?"

ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದದ್ದೇ ಮೋಕ್ಷಿತಾಳ ಮುಖ ಕೆಂಪಾಯಿತು. ಬೆನ್ನು ನೆಟ್ಟಗೆ ಮಾಡಿ ಗಂಟಲು ಸರಿಪಡಿಸಿಕೊಂಡಳು.

"ಸದರಿ ಪ್ರಸ್ತಾವಕ್ಕೆ ನನ್ನ ಹೃತ್ಪೂರ್ವಕ ಸಹಮತವಿದೆ" ಎಂದಳು, ಗ್ರಾಂಥಿಕ ಕನ್ನಡದಲ್ಲಿ.

ಇಷ್ಟು ಸೆಟೆದ ಮಾತು ಇಷ್ಟು ಸಿಹಿಯಾಗಿರುತ್ತದೆಂದು ಯೋಗೀಶನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.