ಗೆರೆಯಿಂದ ಅರ್ಧ ಅಡಿ ಹಿಂದೆ

ಗಣಪತಿ ಎಂಬ ಊರಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಮಣ್ಣಂಗಳಕ್ಕೆ ಇಪ್ಪತ್ತೊಂಬತ್ತು ವರ್ಷಗಳಿಂದ ಸುಣ್ಣದ ಗೆರೆ ಎಳೆಯುತ್ತಿದ್ದವರು ಸುಬ್ಬಯ್ಯನ್ ಒಬ್ಬರೇ. ಕ್ಲಬ್ಬು ಹುಟ್ಟಿದಾಗ ಆಡಿದವರು, ಆಮೇಲೆ ಆಡಿಸಿದವರು, ಪಂಪ್ ವರ್ಕ್‌ಶಾಪಿನಲ್ಲಿ ತಾವೇ ಬಗ್ಗಿಸಿದ ಕಬ್ಬಿಣದ ಬಳೆಯನ್ನು ತಂದು ಕಂಬಕ್ಕೆ ಕೂರಿಸಿದವರು. 1986ರ ಆ ವಾರ ಅಂಗಳಕ್ಕೆ ಸಿಮೆಂಟು ಬೀಳುವುದಿತ್ತು. ಅದರ ಮೇಲೆ ಒಮ್ಮೆ ಎಳೆದ ಗೆರೆಯನ್ನು ಮತ್ತೆ ಅಳಿಸುವಂತಿರಲಿಲ್ಲ.

ಮೂರು ದಿನಗಳಿಂದ ಬೆಳಿಗ್ಗೆ ಬಂದು ನೋಡಿದರೆ, ಫ್ರೀ ಥ್ರೋ ಗೆರೆಯಿಂದ ಅರ್ಧ ಅಡಿ ಹಿಂದೆ, ಒದ್ದೆ ಮಣ್ಣಿನಲ್ಲಿ ಎರಡು ಬರಿಗಾಲಿನ ಗುರುತು. ಬಂದ ಹೆಜ್ಜೆಯೂ ಇಲ್ಲ, ಹೋದ ಹೆಜ್ಜೆಯೂ ಇಲ್ಲ. ಬಲಗಾಲಿಗೆ ನಾಲ್ಕೇ ಬೆರಳು. ಮೂರು ದಿನವೂ ಸುಬ್ಬಯ್ಯನ್ ಯಾರೂ ನೋಡುವ ಮೊದಲೇ ಗುಡಿಸಿ ಹಾಕಿದ್ದರು.

ವರ್ಕ್‌ಶಾಪಿನಲ್ಲಿ ಎರಕದ ತುಂಡು ಬಿದ್ದು ಬಲಗಾಲಿನ ಬೆರಳು ಕಳೆದುಕೊಂಡವನು ಗೆಳೆಯ ಚೆನ್ನಿಯಪ್ಪನ್. ಅವನು ವಾಲ್ಪಾರೈಯ ಚಹಾ ಎಸ್ಟೇಟಿನ ಕೂಲಿ ಸಾಲುಮನೆಯಲ್ಲಿ ಸತ್ತು ಹನ್ನೊಂದು ವರ್ಷ. ಈ ಅಂಗಳದಲ್ಲಿ ಅವನ ಫ್ರೀ ಥ್ರೋ ಎಸೆತ ತಪ್ಪಿದ್ದೇ ಇಲ್ಲ. ಧಾರಾಪುರಂ ಫೈನಲ್‌ನಲ್ಲಿ ಮಾತ್ರ ಕೊನೆಯ ಎರಡು ಎಸೆತವೂ ಬಳೆಯ ಮುಂದಂಚಿಗೆ ತಾಗಿ ಬಿದ್ದವು. ದುಡ್ಡಿಗೆ ಆಟ ಮಾರಿದನೆಂದರು ಊರವರು. ಅವನು ಊರು ಬಿಟ್ಟ.

ಸುಬ್ಬಯ್ಯನ್‌ಗೆ ಕಾರಣ ಗೊತ್ತಿತ್ತು. ನೇಕಾರರ ಮನೆಯವರಾದ ಅವರು, ಮೊದಲ ಗೆರೆಗೆ ಎರವಲು ತಂದ ಟೇಪಿನಿಂದ ಹದಿನೈದು ಅಡಿ ಅಳೆದು, ಗಂಜಿಯಿಂದ ಆಗಷ್ಟೇ ತೆಗೆದ ಹಸಿ ನೂಲಿನ ಮೇಲೆ ಗುರುತು ಹಾಕಿಕೊಂಡಿದ್ದರು. ನೂಲು ಒಣಗಿ ಕುಗ್ಗಿತು. ಅಂಗಳದ ಗೆರೆ ಬಳೆಗೆ ಅರ್ಧ ಅಡಿ ಹತ್ತಿರವಾಯಿತು; ಇಲ್ಲಿ ಪಳಗಿದ ಕೈಗೆ ಧಾರಾಪುರಂನ ಸರಿಯಾದ ಗೆರೆ ದೂರವಾಯಿತು. ಧಾರಾಪುರಂನಿಂದ ಬಂದ ತಿಂಗಳೇ ಅದು ಹೊಳೆದಿತ್ತು. ಕ್ಲಬ್ಬು ಕಟ್ಟಿದವನೆಂಬ ಹೆಸರು ಹೋದೀತೆಂದು ಹೆದರಿ ಬಾಯಿ ಬಿಡಲಿಲ್ಲ. ಅದೇ ನೂಲು ಹಿಡಿದು ಗೆರೆ ಎಳೆಯುತ್ತ ಬಂದರು.

ನಾಲ್ಕನೆಯ ಬೆಳಿಗ್ಗೆಯೂ ಗುರುತು ಇತ್ತು; ಪೊರಕೆ ಕೈಯಲ್ಲೇ ಉಳಿಯಿತು.

"ಏನಣ್ಣಾ, ಇನ್ನೂ ಗೀಟಿನ ಗುರ್ತಿಗೆ ಗೂಟ ಹೊಡೀಲಿಲ್ಲವಾ? ಎಂಟಕ್ಕೆ ಸಿಮೆಂಟ್ ಲಾರಿ ಬಂದ್ಬುಡುತ್ತೆ," ಎನ್ನುತ್ತ ಕಾರ್ಯದರ್ಶಿ ಗುರುಸಾಮಿ ಬಂದ. "ಈ ಗೀಟ್ಗೂ ನಿಮ್ಗೂ ಕಲ್ಯಾಣ ಆಗೋಗಿದೆ ಅಂತ ಮನೇಲಿರೋ ನಿಮ್ಮ ರಾಮಾತಾಳಕ್ಕಂಗೆ ಹೇಳ್ಲಾ?" ಅಷ್ಟರಲ್ಲಿ ಅವನ ಕಣ್ಣು ನೆಲಕ್ಕೆ ಬಿತ್ತು. "ಅಯ್ಯೋ, ಇದ್ಯಾರು ಬರಿಗಾಲಲ್ಲಿ?"

"ಟೇಪ್ ಹಿಡಿ. ಬಳೆ ಹಿಂದಿನ ಹಲಗೆಯ ನೇರದಿಂದ ಹದಿನೈದು ಅಡಿ ಅಳೆ."

ಹದಿನೈದನೆಯ ಅಡಿ ಆ ಕಾಲ್ಬೆರಳುಗಳ ತುದಿಗೆ ಸರಿಯಾಗಿ ಮುಗಿಯಿತು.

"ನಿಮ್ಮ ಗೀಟು ತಪ್ಪಾ ಅಣ್ಣಾ? ಹಾಗಾದ್ರೆ ಚೆನ್ನಿಯಪ್ಪ ಮಾಮ..."

"ಅವನು ಆಟ ಮಾರ್ಲಿಲ್ಲ ಗುರುಸಾಮಿ. ನನ್ನ ನೂಲು ತಪ್ಪು. ಗೊತ್ತಿದ್ದೂ ಸುಮ್ಮನಿದ್ದೆ. ಎಲ್ಲಾರ್ಗೂ ಹೇಳು, ಇವತ್ತೇ."

ಸಿಮೆಂಟು ಗಟ್ಟಿಯಾದ ಮೇಲೆ, ಒಂದು ಸಂಜೆ, ಹೊಸ ಗೆರೆಯ ಹಿಂದೆ ಸುಬ್ಬಯ್ಯನ್ ಚಪ್ಪಲಿ ಬಿಟ್ಟು ನಿಂತರು. ಆಟಗಾರರೆಲ್ಲ ಗೋಡೆಯ ಮೇಲೆ ಕೂತಿದ್ದರು. ಸುಬ್ಬಯ್ಯನ್ ಎಸೆದ ಚೆಂಡು ಬಳೆಯ ಮುಂದಂಚಿಗೆ ತಾಗಿ ಬಿತ್ತು. ಕಂಬದ ಕೆಳಗೆ ಯಾರೂ ಇರಲಿಲ್ಲ. ಆದರೂ ಚೆಂಡು ಒಮ್ಮೆ ಪುಟಿದು, ಹಿಂದೆ ಚೆನ್ನಿಯಪ್ಪನ್ ಎತ್ತಿ ಕೊಡುತ್ತಿದ್ದ ಹಾಗೆಯೇ, ನೇರವಾಗಿ ಅವರ ಎದೆಮಟ್ಟಕ್ಕೆ ಬಂದು ಕೈ ಸೇರಿತು.

"ಅಣ್ಣಾ, ಸಾಕು, ಬನ್ನಿ," ಎಂದ ಗುರುಸಾಮಿ, ಗೋಡೆಯಿಂದ ಇಳಿದು.

"ಇರುಡಾ, ತಾಳು," ಎಂದರು ಸುಬ್ಬಯ್ಯನ್. "ಇನ್ನೊಂದು ಎಸೆತ ಇದೆ."